ದಿವಂಗತ ಟಾಮಿಗೆ ಲಸಿಕೆಯ ಕರೆ

ಟಾಮಿ ಸತ್ತು ಎರಡು ವರ್ಷದ ಮೇಲೆ ಅವನ ಮನೆಗೆ ನಮ್ಮ ಚಿಕಿತ್ಸಾಲಯದಿಂದ ಒಂದು ಸಂದೇಶ ಹೋಯಿತು: ‘ನಿಮ್ಮ ಟಾಮಿಗೆ ರೇಬೀಸ್ ಲಸಿಕೆ ಹಾಕಿಸುವ ದಿನ ಬಂದಿದೆ, ತಪ್ಪದೆ ಕರೆತನ್ನಿ.’ ಆ ಮನೆಯ ಅಜ್ಜಿ ಫೋನ್ ಮಾಡಿದರು. ‘ಎಲ್ಲಿಂದ ಕರೆದುಕೊಂಡು ಬರಲಿ, ತಮ್ಮಾ?’ ಎಂದು ಕೇಳಿ ಸುಮ್ಮನಾದರು. ಫೋನ್ ಎತ್ತಿದವನು ನಾನು. ಆ ಸಂದೇಶ ಹೋಗುವಂತೆ ಮಾಡಿದವನೂ ನಾನೇ.

ಬಾಗಲಕೋಟೆಯ ನವನಗರದಲ್ಲಿ ಅಕ್ಕ ನಡೆಸುವ ಪಶು ಚಿಕಿತ್ಸಾಲಯದ ಲೆಕ್ಕಪತ್ರ ಮತ್ತು ಕಂಪ್ಯೂಟರ್ ನನ್ನ ಪಾಲಿನ ಕೆಲಸ. ಅಲ್ಲಿ ಹದಿನಾಲ್ಕು ವರ್ಷ ಒಂದೇ ಸಾಫ್ಟ್‌ವೇರ್ ನಡೆಯಿತು. ಪರಿಚಯದ ಹುಡುಗನೊಬ್ಬ ಫಾಕ್ಸ್‌ಪ್ರೊ ಎಂಬ ಹಳೆಯ ಡೇಟಾಬೇಸ್ ತಂತ್ರಾಂಶದಲ್ಲಿ ಬರೆದುಕೊಟ್ಟದ್ದು. ಕೆಟ್ಟದ್ದೇನೂ ಆಗಿರಲಿಲ್ಲ, ಆದರೆ ಅದರ ಕಾಲ ಮುಗಿದಿತ್ತು. ಫಾಕ್ಸ್‌ಪ್ರೊಗೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2015ರಲ್ಲಿ ನಿಂತಿತು. ಅದು ಓಡುತ್ತಿದ್ದ ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ. ಹಾರ್ಡ್ ಡಿಸ್ಕ್ ಕರಕರ ಸದ್ದು ಮಾಡತೊಡಗಿದ ದಿನ ಹೊಸ ಸಾಫ್ಟ್‌ವೇರ್ ಕೊಳ್ಳುವುದೆಂದು ಅಕ್ಕ ತೀರ್ಮಾನಿಸಿದಳು. ಕೊಳ್ಳುವುದು ಒಂದು ಮಧ್ಯಾಹ್ನದ ಕೆಲಸ. ಹಳೆಯ ದಾಖಲೆಗಳನ್ನು ಅದರೊಳಕ್ಕೆ ಸಾಗಿಸಲು ನಾಲ್ಕು ತಿಂಗಳು ಹಿಡಿಯಿತು.

ಟಾಮಿಯ ವಿಷಯ ಹೀಗಾಯಿತು. ಹಳೆಯ ಸಾಫ್ಟ್‌ವೇರ್‌ನಲ್ಲಿ ಪ್ರಾಣಿ ಸತ್ತಿದೆ ಎಂದು ಗುರುತಿಸಲು ಜಾಗವೇ ಇರಲಿಲ್ಲ. ಅಕ್ಕನ ಜೊತೆ ಮೊದಲ ದಿನದಿಂದಲೂ ಇರುವ ಕಾಂಪೌಂಡರ್ ಕಾಕಾ ಅದಕ್ಕೊಂದು ದಾರಿ ಕಂಡುಕೊಂಡಿದ್ದರು: ಶ್ರದ್ಧಾಂಜಲಿಯ ಫಲಕಗಳಲ್ಲಿ ಬರೆಯುವ ಹಾಗೆ ಹೆಸರಿನ ಮುಂದೆ ‘ದಿ.’ ಎಂದು ಸೇರಿಸುವುದು. ದಿ. ಟಾಮಿ. ದಿ. ಗೌರಿ. ಇದು ಯಾವ ಕೈಪಿಡಿಯಲ್ಲೂ ಇರಲಿಲ್ಲ, ಕಾಕಾ ಅವರ ತಲೆಯಲ್ಲಿತ್ತು. ಹೆಸರುಗಳನ್ನು ‘ಶುಚಿ’ ಮಾಡಲು ಹೊರಟ ನಾನು ಶ್ರೀ, ಶ್ರೀಮತಿ, ಕು. ಇಂಥವನ್ನೆಲ್ಲ ಒಂದೇ ಆಜ್ಞೆಯಲ್ಲಿ ತೆಗೆದುಹಾಕಿದೆ. ‘ದಿ.’ ಕೂಡ ಹೋಯಿತು. ಒಂದು ಗುಂಡಿ ಒತ್ತಿ ಸತ್ತ ಪ್ರಾಣಿಗಳನ್ನೆಲ್ಲ ಬದುಕಿಸಿದೆ.

ಚಿಕಿತ್ಸಾಲಯದ ದಾಖಲೆ ಒಳಗೆ ಹೇಗೆ ಕಟ್ಟಿಕೊಂಡಿರುತ್ತದೆ ಎಂಬುದು ನಮ್ಮೂರಿನ ಅಂಗಡಿಕಾರರಿಗೆ ಥಟ್ಟನೆ ತಿಳಿಯುತ್ತದೆ. ಅವರಲ್ಲಿ ಎರಡು ಪುಸ್ತಕಗಳು: ದಿನದ ವಹಿವಾಟನ್ನು ಆದ ಹಾಗೆ ಬರೆಯುವ ಕೀರ್ದಿ, ಅದನ್ನು ಒಬ್ಬೊಬ್ಬರ ಹೆಸರಿಗೆ ಇಳಿಸುವ ಖತಾವಣಿ. ನಮ್ಮಲ್ಲಿಯೂ ಹಾಗೆಯೇ. ಮಾಲೀಕರ ಪಟ್ಟಿ, ಪ್ರಾಣಿಗಳ ಪಟ್ಟಿ ಖತಾವಣಿಯ ಕಡೆಗೆ. ಭೇಟಿ, ಲಸಿಕೆ, ಔಷಧ, ಬಿಲ್ಲುಗಳು ಕೀರ್ದಿಯ ಕಡೆಗೆ. ಕೀರ್ದಿಯ ಪ್ರತಿ ಸಾಲನ್ನೂ ಒಂದು ಸಂಖ್ಯೆ ಯಾವುದೋ ಪ್ರಾಣಿಗೆ ಕಟ್ಟಿರುತ್ತದೆ, ಪ್ರಾಣಿಯನ್ನು ಇನ್ನೊಂದು ಸಂಖ್ಯೆ ಮಾಲೀಕನಿಗೆ ಕಟ್ಟಿರುತ್ತದೆ. ಆದ್ದರಿಂದ ಸಾಗಿಸುವಾಗ ಮೊದಲು ಮಾಲೀಕರು, ಆಮೇಲೆ ಪ್ರಾಣಿಗಳು, ಕೊನೆಗೆ ಭೇಟಿಗಳು. ಕ್ರಮ ತಪ್ಪಿದರೆ ಹಗ್ಗ ಕಟ್ಟಲು ಗೂಟವೇ ಇರುವುದಿಲ್ಲ. ಹೊಸ ಸಾಫ್ಟ್‌ವೇರ್ ಎಲ್ಲಕ್ಕೂ ತನ್ನದೇ ಹೊಸ ಸಂಖ್ಯೆ ಕೊಡುತ್ತದೆ. ಹಳೆಯ ಸಂಖ್ಯೆಯನ್ನು ಬಿಸಾಡದೆ ಒಂದು ಹೆಚ್ಚುವರಿ ಕಾಲಂನಲ್ಲಿ ಇಟ್ಟುಕೊಳ್ಳಬೇಕು; ಮುಂದೆ ಏನೇ ಅನುಮಾನ ಬಂದರೂ ಹಿಂದಕ್ಕೆ ಹೋಗಿ ನೋಡಲು ಅದೊಂದೇ ದಾರಿ.

ವ್ಯಾಪಾರಿಗೆ ಒಂದು ಸುಖವಿದೆ. ದೀಪಾವಳಿ ಪಾಡ್ಯದಂದು ಹೊಸ ಪುಸ್ತಕಕ್ಕೆ ಪೂಜೆ ಮಾಡಿ, ಹಿಂದಿನ ಬಾಕಿಯನ್ನಷ್ಟೇ ಮುಂದಕ್ಕೆ ಎಳೆದು, ಹಳೆಯದನ್ನು ಅಟ್ಟಕ್ಕೇರಿಸಬಹುದು. ‘ನಾವೂ ಈ ವರ್ಷದ್ದನ್ನು ಮಾತ್ರ ಒಯ್ದರಾಯಿತು’ ಎಂದು ನಾನೂ ಹೇಳಿದ್ದೆ. ಅಕ್ಕ ಒಂದೇ ಉದಾಹರಣೆಯಿಂದ ನನ್ನ ಬಾಯಿ ಮುಚ್ಚಿಸಿದಳು. ಬ್ರೂಸೆಲ್ಲೋಸಿಸ್ ಅಥವಾ ಕಂದು ರೋಗದ ಲಸಿಕೆಯನ್ನು ಹೆಣ್ಣು ಕರುವಿಗೆ ನಾಲ್ಕರಿಂದ ಎಂಟು ತಿಂಗಳ ವಯಸ್ಸಿನೊಳಗೆ ಹಾಕುತ್ತಾರೆ, ಜೀವಮಾನದಲ್ಲಿ ಒಮ್ಮೆ. ಆ ಕರು ಎಂಟು ವರ್ಷದ ಆಕಳಾದ ಮೇಲೆ ಕಂದು ಹಾಕಿದರೆ, ಅಂದರೆ ಅದಕ್ಕೆ ಗರ್ಭಪಾತವಾದರೆ, ಲಸಿಕೆ ಬಿದ್ದಿತ್ತೇ ಇಲ್ಲವೇ ಎಂಬುದಕ್ಕೆ ಉತ್ತರ ಇರುವುದು ಆ ಹಳೆಯ ಒಂದು ಸಾಲಿನಲ್ಲಿ.

ಇನ್ನು ಸಂಖ್ಯೆಗಳ ಕಾಟ. ಹಳೆಯದರಿಂದ ತೆಗೆದ ದಾಖಲೆಗಳನ್ನು ಎಲ್ಲರೂ ಎಕ್ಸೆಲ್‌ನಲ್ಲಿ ತೆರೆದು ನೋಡುತ್ತಾರೆ. ನೋಡುವುದೇ ಅಪಾಯ ಎಂದು ನಾನು ತಡವಾಗಿ ಕಲಿತೆ. ದನ, ಎಮ್ಮೆಗಳ ಕಿವಿಯೋಲೆಯಲ್ಲಿ 12 ಅಂಕಿಗಳ ಗುರುತಿನ ಸಂಖ್ಯೆ ಇರುತ್ತದೆ. ಸರ್ಕಾರದ ಭಾರತ್ ಪಶುಧನ್ ವ್ಯವಸ್ಥೆಯಲ್ಲಿ ಆ ರಾಸಿನ ಗುರುತು ಅದೇ. ಎಕ್ಸೆಲ್ ಹನ್ನೊಂದು ಅಂಕಿ ಮೀರಿದ ಸಂಖ್ಯೆಯನ್ನು ತಾನಾಗಿಯೇ ಕುಗ್ಗಿಸಿ, ಮೊದಲ ಆರು ಅಂಕಿಗಳನ್ನು ದಶಾಂಶ ಬಿಂದುವಿನೊಂದಿಗೆ ತೋರಿಸಿ, ಉಳಿದದ್ದನ್ನು ಹತ್ತರ ಘಾತವಾಗಿ ಬರೆಯುತ್ತದೆ. ಕಣ್ಣಿಗೆ ಮಾತ್ರ ಹಾಗೆ ಕಂಡರೆ ಚಿಂತೆ ಇಲ್ಲ. ಅದನ್ನೇ ಸಿಎಸ್‌ವಿ, ಅಂದರೆ ಅಲ್ಪವಿರಾಮಗಳಿಂದ ಬೇರ್ಪಡಿಸಿದ ಬರಿ ಪಠ್ಯದ ಕಡತವಾಗಿ ಉಳಿಸಿದರೆ ಕಂಡದ್ದೇ ಬರೆಯಲ್ಪಡುತ್ತದೆ, ಕೊನೆಯ ಅಂಕಿಗಳು ಹೋಗುತ್ತವೆ. ಒಟ್ಟಿಗೆ ಬಂದ ಓಲೆಗಳ ಮೊದಲ ಅಂಕಿಗಳು ಹೇಗೂ ಒಂದೇ ಆಗಿರುತ್ತವೆ. ಹಾಗಾಗಿ ಒಂದು ಊರಿನ ಹಲವು ರಾಸುಗಳು ಒಂದೇ ಸಂಖ್ಯೆಯವಾಗಿ ಕುಳಿತವು. ನಾಯಿಗಳ ಚರ್ಮದಡಿ ಇಡುವ ಮೈಕ್ರೋಚಿಪ್‌ನದು 15 ಅಂಕಿ. ಎಕ್ಸೆಲ್ ನಿಖರವಾಗಿ ಹಿಡಿದಿಡಬಲ್ಲದ್ದೂ ಹದಿನೈದೇ ಅಂಕಿ, ಅದರೊಳಗೆ ಇರುವವರೆಗೆ ಅಂಚಿನಲ್ಲಿ ಪಾರಾಗುತ್ತವೆ; ಸಿಎಸ್‌ವಿಯಾಗಿ ಉಳಿಸಿದರೆ ಅವುಗಳ ಗತಿಯೂ ಅದೇ. ಮದ್ದು ಸರಳ. ಕಡತ ತೆರೆಯುವ ಮೊದಲೇ ಕಿವಿಯೋಲೆ, ಚಿಪ್, ಫೋನ್ ಕಾಲಂಗಳನ್ನು ‘ಪಠ್ಯ’ ಎಂದು ಘೋಷಿಸಬೇಕು. ಕೂಡಿಸಿ ಕಳೆಯುವ ಉದ್ದೇಶವಿಲ್ಲದ ಸಂಖ್ಯೆ ಸಂಖ್ಯೆಯಲ್ಲ, ಹೆಸರು.

ದಿನಾಂಕಗಳು ಇನ್ನೂ ಕಳ್ಳರು. ನಾವು ದಿನವನ್ನು ಮೊದಲು ಬರೆಯುತ್ತೇವೆ, ಅಮೆರಿಕದ ರೀತಿಯಲ್ಲಿ ಹೊಂದಿಸಿದ ಕಂಪ್ಯೂಟರ್ ತಿಂಗಳನ್ನು ಮೊದಲು ಓದುತ್ತದೆ. 05-07-2019 ಎಂಬ ಜುಲೈ ಐದು ಮೇ ಏಳಾಗುತ್ತದೆ. 25-07-2019 ಮಾತ್ರ ಹಾಗಾಗಲಾರದು, ಇಪ್ಪತ್ತೈದನೆಯ ತಿಂಗಳಿಲ್ಲವಲ್ಲ. ಅದು ದೋಷವೆಂದು ಎದ್ದು ಕಾಣುತ್ತದೆ. ದಿನ ಹನ್ನೆರಡಕ್ಕಿಂತ ಹೆಚ್ಚಿದ್ದರೆ ತಪ್ಪು ಕೂಗಿ ಹೇಳುತ್ತದೆ, ಕಡಿಮೆ ಇದ್ದರೆ ಬಾಯಿ ಬಿಡುವುದಿಲ್ಲ. ಲೆಕ್ಕ ಹಾಕಿ ನೋಡಿದೆ: ತಿಂಗಳಿಗೆ ಹನ್ನೆರಡರಂತೆ ವರ್ಷಕ್ಕೆ 144 ದಿನಗಳು ಎರಡು ರೀತಿ ಓದಿಸಿಕೊಳ್ಳುತ್ತವೆ, ದಿನವೂ ತಿಂಗಳೂ ಒಂದೇ ಆಗಿರುವ ಹನ್ನೆರಡನ್ನು ಕಳೆದರೆ 132 ದಿನಗಳು ಸದ್ದಿಲ್ಲದೆ ಕೆಡಬಲ್ಲವು. ಸಿಕ್ಕಿಬೀಳಿಸಲು ಒಂದು ಉಪಾಯವಿದೆ. ಹುಟ್ಟಿದ ದಿನಕ್ಕಿಂತ ಮೊದಲೇ ಲಸಿಕೆ ಹಾಕಿಸಿಕೊಂಡ ಕರುಗಳನ್ನು ಹುಡುಕಿ. ನಮ್ಮಲ್ಲಿ ಇದ್ದವು.

ಕನ್ನಡದ ಅಕ್ಷರಗಳ ಕಥೆಗೆ ಬರುತ್ತೇನೆ, ಇದು ಬೇರೆ ದೇಶದ ಕೈಪಿಡಿಗಳಲ್ಲಿ ಸಿಗುವುದಿಲ್ಲ. ಹಳೆಯ ಸಾಫ್ಟ್‌ವೇರ್‌ನಲ್ಲಿ ಡಾಕ್ಟರ ಟಿಪ್ಪಣಿಗಳನ್ನು ನುಡಿ ಫಾಂಟ್‌ನಲ್ಲಿ ಬೆರಳಚ್ಚಿಸಿದ್ದೆವು. ಆ ಕಾಲದ ನುಡಿ, ಬರಹ ಫಾಂಟ್‌ಗಳು ಕಂಪ್ಯೂಟರ್‌ಗೆ ಮಾಡಿದ ಒಂದು ಸಣ್ಣ ಮೋಸ. ಒಳಗೆ ಉಳಿಯುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತಗಳೇ. ಫಾಂಟ್ ಅವುಗಳಿಗೆ ಕನ್ನಡದ ವೇಷ ಹಾಕುತ್ತದೆ. ಫಾಂಟ್ ಇಲ್ಲದ ಕಡೆ ವೇಷ ಕಳಚಿ, ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಯುನಿಕೋಡ್‌ನಲ್ಲಿ ಹಾಗಿಲ್ಲ, ‘ಕ’ ಎಂಬುದಕ್ಕೆ ಅದರದೇ ಸಂಕೇತವಿದೆ. ಹೊಸ ಸಾಫ್ಟ್‌ವೇರ್‌ಗೆ ಗೊತ್ತಿರುವುದು ಯುನಿಕೋಡ್ ಮಾತ್ರ, ಆದ್ದರಿಂದ ಪರಿವರ್ತಿಸಲೇಬೇಕು. ಪರಿವರ್ತಕ ತಂತ್ರಾಂಶಗಳು ಬೇಕಾದಷ್ಟಿವೆ, ಎಡವುವ ಜಾಗಗಳೂ ಅಷ್ಟೇ ಇವೆ.

ಮೊದಲ ಎಡವು ಅರ್ಕಾವತ್ತಿನದು. ‘ಗರ್ಭ’ ಎಂದು ಬರೆಯುವಾಗ ಕಣ್ಣಿಗೆ ಅರ್ಕಾವತ್ತು ಕೊನೆಯಲ್ಲಿ ಕಾಣುತ್ತದೆ. ಹಳೆಯ ಫಾಂಟ್ ಕಂಡ ಕ್ರಮದಲ್ಲಿಯೇ ಉಳಿಸುತ್ತದೆ. ಯುನಿಕೋಡ್ ಉಚ್ಚಾರದ ಕ್ರಮ ಹಿಡಿಯುತ್ತದೆ, ರಕಾರ ಮೊದಲು, ಭಕಾರ ಆಮೇಲೆ. ಕ್ರಮ ತಿರುಗಿಸಲು ಬಾರದ ಪರಿವರ್ತಕದಿಂದ ‘ಗಭರ್’ ಹೊರಬರುತ್ತದೆ. ನಮ್ಮ ಮೊದಲ ಪ್ರಯತ್ನದಲ್ಲಿ ಎಲ್ಲ ಕೃತಕ ಗರ್ಭಧಾರಣೆಗಳೂ ಗಭರ್‌ಧಾರಣೆಗಳಾದವು. ಎರಡನೆಯ ಎಡವು ಇನ್ನೂ ಸ್ವಾರಸ್ಯದ್ದು. ತಳಿಯ ಕಾಲಂನಲ್ಲಿ ಹೋಲ್‌ಸ್ಟೈನ್ ಫ್ರೀಸಿಯನ್ ಎನ್ನಲು ಎಚ್‌ಎಫ್ ಎಂಬ ಎರಡು ಇಂಗ್ಲಿಷ್ ಅಕ್ಷರಗಳಿದ್ದವು. ಪರಿವರ್ತಕ ಅವನ್ನೂ ನುಡಿಯ ವೇಷವೆಂದೇ ನಂಬಿತು. ನುಡಿಯಲ್ಲಿ ಇಂಗ್ಲಿಷಿನ ಎಚ್ ಜಾಗದಲ್ಲಿ ‘ಊ’, ಎಫ್ ಜಾಗದಲ್ಲಿ ‘ಈ’ ಕುಳಿತಿವೆ. ಪರಿಣಾಮವಾಗಿ ನಮ್ಮ ದಾಖಲೆಯಲ್ಲಿ ‘ಊಈ’ ಎಂಬ ಹೊಸ ಆಕಳ ತಳಿ ಹುಟ್ಟಿತು. ಅಕ್ಕ ಈಗಲೂ ನನ್ನನ್ನು ಕಾಡಿಸಬೇಕೆಂದರೆ ಆ ತಳಿಯ ಹಾಲಿನ ಇಳುವರಿ ಕೇಳುತ್ತಾಳೆ. ಯಾವ ಕಾಲಂ ಯಾವ ಲಿಪಿಯಲ್ಲಿದೆ ಎಂದು ಮೊದಲು ಬೇರ್ಪಡಿಸಿ, ನುಡಿಯದ್ದನ್ನು ಮಾತ್ರ ಪರಿವರ್ತಕಕ್ಕೆ ಕೊಡಬೇಕು. ಟಿಪ್ಪಣಿಯ ನಡುವೆ ಇಂಗ್ಲಿಷಿನಲ್ಲಿ ಬಂದ ಔಷಧದ ಹೆಸರುಗಳನ್ನು ಕಣ್ಣಿಟ್ಟು ಓದುವುದನ್ನು ಬಿಟ್ಟು ನನಗೆ ಬೇರೆ ದಾರಿ ಸಿಗಲಿಲ್ಲ.

ಹೆಸರುಗಳ ಹೊಂದಾಣಿಕೆ ಬೇರೆ ಬಗೆಯ ಕೆಲಸ. ಇಲ್ಲಿ ಯಂತ್ರಕ್ಕಿಂತ ಊರು ತಿಳಿದವರು ಬೇಕು. ಹೊಸ ಸಾಫ್ಟ್‌ವೇರ್‌ನ ತಳಿಗಳ ಸಿದ್ಧ ಪಟ್ಟಿಯಲ್ಲಿ ಮುಧೋಳ ನಾಯಿ ಇರಲಿಲ್ಲ. ಬಾಗಲಕೋಟೆ ಜಿಲ್ಲೆಯಲ್ಲಿ ಕುಳಿತು ಇದನ್ನು ನೋಡುವುದೆಂದರೆ! ತಿಮ್ಮಾಪುರದಲ್ಲಿ ಅದಕ್ಕಾಗಿಯೇ ಸಂಶೋಧನಾ ಕೇಂದ್ರವಿದೆ, 2005ರಲ್ಲಿ ಅಂಚೆ ಚೀಟಿಯೂ ಬಂದಿದೆ. ಹುಡುಕಿದರೆ ಅದು ‘ಕಾರವಾನ್ ಹೌಂಡ್’ ಎಂಬ ಹೆಸರಿನಲ್ಲಿ ಅಡಗಿತ್ತು, ಕೆನಲ್ ಕ್ಲಬ್ ಆಫ್ ಇಂಡಿಯಾ ನೋಂದಾಯಿಸುವುದೂ ಆ ಹೆಸರಿನಲ್ಲಿಯೇ. ನಮ್ಮ ಹಳೆಯ ದಾಖಲೆಯಲ್ಲಿ ಮುಧೋಳ, ಮುಧೋಳ ಹೌಂಡ್, ಕಾರವಾನ್, ಬೇಟೆ ನಾಯಿ ಎಂದು ನಾಲ್ಕು ರೂಪ. ಖಿಲಾರಿ, ಕೃಷ್ಣಾ ಕಣಿವೆ ದನಗಳನ್ನೂ ಪಂಢರಪುರಿ ಎಮ್ಮೆಯನ್ನೂ ನಾವೇ ಪಟ್ಟಿಗೆ ಸೇರಿಸಿಕೊಂಡೆವು.

ಊರುಗಳೂ ಹಾಗೆಯೇ. 2014ರ ಹಿಂದಿನ ದಾಖಲೆಗಳಲ್ಲಿ ಬಿಜಾಪುರ, ಮುಂದಿನವುಗಳಲ್ಲಿ ವಿಜಯಪುರ. ಹುನಗುಂದ ತಾಲ್ಲೂಕಿನ ಇಳಕಲ್ಲ ಈಗ ತಾನೇ ಒಂದು ತಾಲ್ಲೂಕು, ಜಮಖಂಡಿಯಿಂದ ರಬಕವಿ-ಬನಹಟ್ಟಿ ಬೇರೆಯಾಗಿದೆ. ಆಲಮಟ್ಟಿಯ ಹಿನ್ನೀರಿಗೆ ಸರಿದ ಹಳ್ಳಿಗಳಲ್ಲಿ ಒಂದೇ ಹೆಸರಿನ ಹಳೆಯ ಊರು, ಪುನರ್ವಸತಿ ಕೇಂದ್ರ ಎರಡೂ ಇರುತ್ತವೆ. ಡಾಕ್ಟರು ರಾತ್ರಿ ಹೆರಿಗೆಗೆ ಬೈಕ್ ಹತ್ತುವಾಗ ಯಾವುದಕ್ಕೆ ಹೋಗಬೇಕು? ಇವನ್ನು ಒಂದೆಂದು ಬೆಸೆಯಬಾರದು.

ಬೆಸೆಯುವುದರ ದೊಡ್ಡ ಅಪಾಯ ಇರುವುದು ಮಾಲೀಕರಲ್ಲಿ. ಬಸಪ್ಪ, ಬಸವಪ್ಪ ಎಂದು ಎರಡು ಬಾರಿ ನೋಂದಾದ ಒಬ್ಬನೇ ರೈತನನ್ನು ಒಂದು ಮಾಡುವುದು ಸರಿ. ಅದನ್ನು ಮೊಬೈಲ್ ಸಂಖ್ಯೆ ನೋಡಿ ತಾನಾಗಿಯೇ ಮಾಡುವ ಸೌಲಭ್ಯ ಹೊಸ ಸಾಫ್ಟ್‌ವೇರ್‌ನಲ್ಲಿತ್ತು. ಒತ್ತಿ ನೋಡಿದೆ. ಮುನ್ನೂರಕ್ಕೂ ಹೆಚ್ಚು ಜನ ಸೇರಿ ಒಬ್ಬ ಮಹಾ ಜಮೀನುದಾರನಾದರು. ಫೋನ್ ಇಲ್ಲದವರಿಗೆ ಕಾಕಾ ಹತ್ತು ಒಂಬತ್ತುಗಳನ್ನು ಒತ್ತುತ್ತಿದ್ದರು. ಖಾಲಿ ಬಿಟ್ಟರೆ ಹಳೆಯ ಸಾಫ್ಟ್‌ವೇರ್ ಮುಂದಕ್ಕೆ ಬಿಡುತ್ತಿರಲಿಲ್ಲ. ಪುಣ್ಯಕ್ಕೆ ಅದು ಪ್ರಯೋಗದ ಪ್ರತಿಯ ಮೇಲೆ ಆದದ್ದು. ಅಸಲಿ ದಾಖಲೆಯ ಮೇಲೆ ಮೊದಲ ಸಲವೇ ಕೈ ಇಡುವವರನ್ನು ಕಂಡರೆ ನನಗೆ ಭಯ.

ಆ ದಿನದಿಂದ ನಾನು ಕಂಪ್ಯೂಟರ್ ಬಿಟ್ಟು ಕಾಕಾ ಅವರ ಪಕ್ಕದಲ್ಲಿ ಕುಳಿತೆ. ಒಂದು ವಾರ, ದಿನಕ್ಕೆ ಒಂದು ಗಂಟೆ, ಕೈಯಲ್ಲಿ ನೋಟ್‌ಪುಸ್ತಕ. ಇಡೀ ಕೆಲಸದಲ್ಲಿ ಅತ್ಯಂತ ಬೆಲೆಯುಳ್ಳ ಗಂಟೆಗಳು ಅವು, ಎಲ್ಲಕ್ಕಿಂತ ಮೊದಲು ಅಲ್ಲಿಂದಲೇ ಶುರುಮಾಡಬೇಕಿತ್ತು. ಹೆಸರಿನ ಕೊನೆಯ ‘ಮಾ’ ಎಂದರೆ ಮಾರಿದ್ದು. ಹುಟ್ಟಿದ ದಿನ 01-01-2000 ಎಂದಿದ್ದರೆ ವಯಸ್ಸು ಗೊತ್ತಿಲ್ಲ. ನಾಯಿಯ ಟಿಪ್ಪಣಿಯಲ್ಲಿ ‘ಕ’ ಎಂದರೆ ಕಚ್ಚುತ್ತದೆ, ಆಕಳ ಟಿಪ್ಪಣಿಯಲ್ಲಿ ಅದೇ ‘ಕ’ ಎಂದರೆ ಕಂದು ಹಾಕಿದೆ. ‘ಇದನ್ನು ಎಲ್ಲಿಯಾದರೂ ಬರೆದಿಟ್ಟಿದ್ದೀರಾ, ಕಾಕಾ?’ ಎಂದು ಕೇಳಿದರೆ, ‘ಬರೆದಿಡುವುದೇಕೆ, ನಾನೇ ಇದ್ದೇನಲ್ಲ’ ಎಂದರು. ಅವರಿಗೆ ಮುಂದಿನ ವರ್ಷ ಅರವತ್ತೈದು ತುಂಬುತ್ತದೆ.

ಪ್ರಾಣಿಯ ಜಾತಿಯನ್ನು ಹಳೆಯದರಲ್ಲಿ ದೊಡ್ಡದು, ಸಣ್ಣದು ಎಂದಷ್ಟೇ ಬರೆಯುತ್ತಿದ್ದರು. ಬಿಲ್ಲಿಗೆ ಅಷ್ಟು ಸಾಕಿತ್ತು. ಹೊಸದು ಗಬ್ಬದ ದಾಖಲೆ ನೋಡಿ ಕರು ಹಾಕುವ ದಿನವನ್ನು ತಾನೇ ಎಣಿಸುತ್ತದೆ. ಆಕಳು ಸುಮಾರು 280 ದಿನ ಹೊರುತ್ತದೆ, ಎಮ್ಮೆ ಸುಮಾರು 310 ದಿನ. ‘ದೊಡ್ಡದು’ ಎಂದದ್ದನ್ನೆಲ್ಲ ಆಕಳು ಎಂದು ಸಾಗಿಸಿದರೆ ಪ್ರತಿ ಎಮ್ಮೆಯೂ ಒಂದು ತಿಂಗಳು ತಡವಾದಂತೆ ಕಾಣುತ್ತದೆ, ಮಾಲೀಕ ಗಾಬರಿಯಾಗಿ ಓಡಿಬರುತ್ತಾನೆ. ಕುರಿಗಳದು ಇನ್ನೊಂದು ತೊಡಕು. ‘ಕುರಿ 140, ಜಂತು ಔಷಧ’ ಎಂದು ಒಂದು ಸಾಲಿರುತ್ತದೆ. ಒಂದು ದಾಖಲೆಗೆ ಒಂದೇ ಪ್ರಾಣಿ ಎಂದು ಎಣಿಸಿ ಕಟ್ಟಿದ ಸಾಫ್ಟ್‌ವೇರ್‌ಗೆ ಹಿಂಡು ಎಂಬುದೇ ಅರ್ಥವಾಗುವುದಿಲ್ಲ. ‘ಹಿಂಡು’ ಎಂಬ ಹೊಸ ಬಗೆಯನ್ನು ತಯಾರಕರಿಂದ ಕೇಳಿ ಮಾಡಿಸಿಕೊಂಡೆವು. ಅದು ಆಗದು ಎಂದಿದ್ದರೆ ಅಕ್ಕ ಆ ಸಾಫ್ಟ್‌ವೇರ್ ವಾಪಸ್ ಮಾಡುವವಳಿದ್ದಳು. ಪ್ರಾಣಿಯ ಇತಿಹಾಸ ಪ್ರಾಣಿಯೊಂದಿಗೆ ಹೋಗಬೇಕು ಎಂಬುದನ್ನೂ ಮೊದಲೇ ನೋಡಿಕೊಳ್ಳಿ. ಸಂಕ್ರಾಂತಿಯ ಹೊತ್ತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಎತ್ತು ಕೈ ಬದಲಾಯಿಸುತ್ತದೆ, ಅದರ ಲಸಿಕೆಗಳು ಹಳೆಯ ಮಾಲೀಕನ ಹೆಸರಿನಲ್ಲಿ ಉಳಿದರೆ ಯಾರಿಗೆ ಪ್ರಯೋಜನ?

ಔಷಧಗಳ ಪಟ್ಟಿಯನ್ನು ಹಾಗೆಯೇ ಎತ್ತಿ ಒಯ್ಯಬಾರದು. ರಣಹದ್ದುಗಳನ್ನು ಕೊಲ್ಲುತ್ತದೆಂದು ಡೈಕ್ಲೊಫೆನಾಕ್ ಅನ್ನು ಪಶು ಚಿಕಿತ್ಸೆಯಿಂದ 2006ರಲ್ಲಿ ಹೊರಗಿಟ್ಟರು. ಅದೇ ಕಾರಣಕ್ಕೆ 2023ರಲ್ಲಿ ಕೀಟೋಪ್ರೊಫೆನ್, ಅಸಿಕ್ಲೊಫೆನಾಕ್‌ಗಳೂ ನಿಷೇಧವಾದವು. ಹಳೆಯ ಚಿಕಿತ್ಸೆಯ ದಾಖಲೆಯಲ್ಲಿ ಆ ಹೆಸರುಗಳು ಅಳಿಯದೆ ಉಳಿಯಬೇಕು, ಇಂದು ಚೀಟಿ ಬರೆಯುವಾಗ ಮೂಡುವ ಪಟ್ಟಿಯಲ್ಲಿ ಕಾಣಬಾರದು. ಇದಕ್ಕೆ ಬಹುತೇಕ ಸಾಫ್ಟ್‌ವೇರ್‌ಗಳಲ್ಲಿ ‘ನಿಷ್ಕ್ರಿಯ’ ಎಂಬ ಗುರುತು ಇರುತ್ತದೆ.

ಎಲ್ಲ ತುಂಬಿದ ಮೇಲೆ ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ? ಸಾಲುಗಳ ಎಣಿಕೆ ಎರಡೂ ಕಡೆ ಒಂದೇ ಇರಬೇಕು ಎನ್ನುವುದು ಎಲ್ಲರಿಗೂ ಹೊಳೆಯುತ್ತದೆ. ನಮ್ಮದು ಸರಿಯಾಗಿಯೇ ಇತ್ತು. ಆದರೆ ಉದ್ರಿಯ ಮೊತ್ತ ಹೊಂದಲಿಲ್ಲ, ಹೊಸದರಲ್ಲಿ ಹೆಚ್ಚು ಬಂತು. ಮುಂಗಡ ಕೊಟ್ಟವರ ಹಣವನ್ನು ಹಳೆಯದು ಋಣ ಚಿಹ್ನೆಯೊಂದಿಗೆ ಇಡುತ್ತಿತ್ತು, ಸಾಗಿಸುವಾಗ ಚಿಹ್ನೆ ಬಿದ್ದುಹೋಗಿತ್ತು. ನಂಬಿ ಮುಂಗಡ ಕೊಟ್ಟವರೆಲ್ಲ ಸಾಲಗಾರರಾಗಿದ್ದರು. ಎಣಿಕೆಯ ಜೊತೆಗೆ ಮೊತ್ತವನ್ನೂ ಹೋಲಿಸಬೇಕು ಎನ್ನುವುದು ಇದಕ್ಕೇ. ಮೂರನೆಯದಾಗಿ, ಕೆಲವು ದಾಖಲೆಗಳನ್ನು ಎರಡೂ ಪರದೆಯಲ್ಲಿ ಅಕ್ಕಪಕ್ಕ ಇಟ್ಟು ಓದಬೇಕು. ಕಣ್ಣು ಮುಚ್ಚಿ ಆರಿಸಿದರೆ ಸುಲಭದವೇ ಸಿಗುತ್ತವೆ. ನಾವು ಬೇಕೆಂದೇ ತಂಟೆಕೋರರನ್ನು ಆರಿಸಿದೆವು: ಅತಿ ಹಳೆಯ ದಾಖಲೆ, ಅತಿ ಹೆಚ್ಚು ರಾಸುಗಳಿರುವ ಮನೆ, ಮಾರಾಟವಾದ ಎತ್ತು, ಹಿಂಡು, ಅರ್ಕಾವತ್ತು ತುಂಬಿದ ಟಿಪ್ಪಣಿ. ಓದಿದ್ದು ಕಾಕಾ. ನಾನು ಓದಿದ್ದರೆ ನನ್ನ ತಪ್ಪು ನನಗೆ ಸರಿಯಾಗಿಯೇ ಕಾಣುತ್ತಿತ್ತು. ಸತ್ತ ನಾಯಿಯನ್ನು ಮಾತ್ರ ಆ ಪಟ್ಟಿಗೆ ಸೇರಿಸಲು ಮರೆತೆವು.

ಬದಲಾವಣೆಯ ದಿನದ ಬಗ್ಗೆ ಎರಡೇ ಮಾತು. ಮಳೆಗಾಲಕ್ಕೆ ಮುಂಚೆ ಗಳಲೆ, ಚಪ್ಪೆ ಬೇನೆಗಳ ಲಸಿಕೆಯ ಗದ್ದಲ ಇರುವಾಗ ಮಾಡಬೇಡಿ. ಎರಡೂ ಸಾಫ್ಟ್‌ವೇರ್‌ಗಳಲ್ಲಿ ತಿಂಗಳುಗಟ್ಟಲೆ ಸಮಾನಾಂತರವಾಗಿ ಬರೆಯಿರಿ ಎಂದು ಸಲಹೆ ಕೊಡುವವರು ಒಬ್ಬನೇ ಕಾಂಪೌಂಡರ್ ಇರುವ ಚಿಕಿತ್ಸಾಲಯ ನೋಡಿದವರಲ್ಲ. ಮೂರನೆಯ ದಿನಕ್ಕೆ ಎರಡರಲ್ಲೂ ಅರ್ಧರ್ಧ ಇರುತ್ತದೆ. ಹಳೆಯದನ್ನು ಓದಲು ಮಾತ್ರ ತೆರೆದಿಟ್ಟು, ಹೊಸದರಲ್ಲಿ ಬರೆದು, ಎರಡು ವಾರ ಕಾಗದದ ರಿಜಿಸ್ಟರ್ ಒಂದನ್ನು ಪಕ್ಕದಲ್ಲಿ ಇಟ್ಟುಕೊಂಡೆವು. ನಾವು ಮಾಡದೆ ಹೋದದ್ದು ಒಂದೇ, ತಾನಾಗಿ ಹೋಗುವ ಸಂದೇಶಗಳ ಗುಂಡಿಯನ್ನು ಮೊದಲ ವಾರ ಬಂದ್ ಮಾಡಿಡುವುದು. ಯಾವ ಸಂದೇಶಗಳು ಹೋಗಲಿವೆ ಎಂಬ ಪಟ್ಟಿಯನ್ನು ಕಾಕಾ ಒಮ್ಮೆ ಓದಿದ್ದರೆ ಟಾಮಿಯ ಹೆಸರು ಅಲ್ಲಿಯೇ ನಿಲ್ಲುತ್ತಿತ್ತು.

ಹಣ ಕೊಡುವ ಮುನ್ನ ತಯಾರಕರನ್ನು ಕೇಳಬೇಕಾದ ಪ್ರಶ್ನೆ: ನಾಳೆ ನಿಮ್ಮನ್ನು ಬಿಡುವುದಾದರೆ ನನ್ನ ದಾಖಲೆಗಳನ್ನು ಪೂರ್ತಿಯಾಗಿ, ತೆರೆದು ಓದಬಹುದಾದ ರೂಪದಲ್ಲಿ ಕೊಡುತ್ತೀರಾ? ಬರೆದು ಕೊಡಲಿ.

ಹಳೆಯ ಹಾರ್ಡ್ ಡಿಸ್ಕಿನ ಎರಡು ಪ್ರತಿಗಳು ಈಗ ಎರಡು ಮನೆಗಳಲ್ಲಿವೆ. ಕಾಕಾ ಅವರ ಸಂಕೇತಗಳ ಪಟ್ಟಿ ಔಷಧದ ಕಪಾಟಿನ ಬಾಗಿಲ ಒಳಗೆ ಅಂಟಿಸಿದೆ. ಅಜ್ಜಿ ಫೋನ್ ಮಾಡಿದ ದಿನ ಕ್ಷಮೆ ಕೇಳಿದ ಮೇಲೆ, ಹೊಸ ಸಾಫ್ಟ್‌ವೇರ್ ಸತ್ತ ದಿನಾಂಕವಿಲ್ಲದೆ ಮುಂದಕ್ಕೆ ಬಿಡದ ಕಾರಣ, ಸಂಕೋಚದಿಂದಲೇ ಆ ದಿನ ಯಾವುದೆಂದು ಕೇಳಿದೆ. ‘ಪಂಚಮಿಯ ಮರುದಿನ, ಹುತ್ತಕ್ಕೆ ಹಾಲೆರೆದು ಬಂದ ಮರುದಿನ ಬೆಳಿಗ್ಗೆ’ ಎಂದರು. ಪಂಚಾಂಗ ತೆಗೆದು ನೋಡಿ 22-08-2023 ಎಂದು ತುಂಬಿದೆ. ಇಪ್ಪತ್ತೆರಡಾದ್ದರಿಂದ ಅದನ್ನು ಯಾವ ಕಂಪ್ಯೂಟರ್ ಕೂಡ ತಿಂಗಳೆಂದು ಓದಲಾರದು. ಮರುದಿನ ತೆರೆದು ನೋಡಿದರೆ ಹೆಸರಿನ ಮುಂದೆ ‘ದಿ.’ ಮತ್ತೆ ಬಂದಿತ್ತು. ಕಾಕಾ ಸೇರಿಸಿದ್ದರು. ನಾನು ತೆಗೆಯಲಿಲ್ಲ.